ಆರ್ಕೇಡ್ ಜಾಯ್‌ಸ್ಟಿಕ್: ಫೈಟಿಂಗ್ ಗೇಮ್‌ಗಳಿಗೆ ಕಡಿಮೆ ಥ್ರೋ ಇರುವ ಲಿವರಿನ ಆಯ್ಕೆ

ನಾಣ್ಯ ಹಾಕಿ ಆಡುವ ವಿಡಿಯೊ ಗೇಮ್ ಯಂತ್ರಗಳಲ್ಲಿ ಎಡಗೈಗೆ ಸಿಗುವಂತೆ ಕೂರಿಸಿದ, ಎಂಟು ದಿಕ್ಕಿಗೆ ವಾಲುವ ಲಿವರಿಗೆ ಆರ್ಕೇಡ್ ಜಾಯ್‌ಸ್ಟಿಕ್ ಎಂದು ಹೆಸರು. ಅದೇ ಲಿವರನ್ನು ಗುಂಡಿಗಳ ಜೊತೆ ಪೆಟ್ಟಿಗೆಯೊಂದರಲ್ಲಿ ಜೋಡಿಸಿ ಮನೆಯ ಕನ್ಸೋಲ್, ಕಂಪ್ಯೂಟರುಗಳಿಗೂ ಬಳಸುತ್ತಾರೆ. ಲಿವರಿನ ತಲೆ ನಡುವಿನಿಂದ ಹೊರಟು ತಡೆಗೆ ತಾಗಿ ನಿಲ್ಲುವವರೆಗೆ ಸಾಗುವ ದೂರವೇ ಥ್ರೋ. ಫೈಟಿಂಗ್ ಗೇಮ್ ಆಡುವವರಲ್ಲಿ ಈ ದೂರ ಕಡಿಮೆ ಇರುವ ಲಿವರುಗಳಿಗೆ ಬೇಡಿಕೆ ಹೆಚ್ಚು. ಮಾರುವವರು ಮುಂದಿಡುವ ಕಾರಣ ವೇಗ. ಲೆಕ್ಕ ಹಾಕಿ ನೋಡಿದರೆ ಉಳಿಯುವ ಸಮಯ ಅತ್ಯಲ್ಪ. ಲಾಭ ಇರುವುದು ಕೈ ತಪ್ಪದಿರುವುದರಲ್ಲಿ, ಅದೂ ದೂರವನ್ನು ಸರಿಯಾದ ಜಾಗದಲ್ಲಿ ಕಡಿಮೆ ಮಾಡಿದ್ದರೆ ಮಾತ್ರ.

ಒಳರಚನೆ

ಫಲಕದ ಮೇಲೆ ಕಾಣುವುದು ಉಕ್ಕಿನ ಸರಳು ಮತ್ತು ಅದರ ತುದಿಗೆ ತಿರುಪಿದ ಹಿಡಿ ಮಾತ್ರ. ಜಪಾನಿನ ಲಿವರುಗಳಲ್ಲಿ ಹಿಡಿ ಗುಂಡಾಗಿ, ಸಾಮಾನ್ಯವಾಗಿ 35 ಮಿ.ಮೀ. ವ್ಯಾಸದ್ದಾಗಿರುತ್ತದೆ. ಅಮೆರಿಕ ಮತ್ತು ಕೊರಿಯಾದ ಲಿವರುಗಳಲ್ಲಿ ಮೇಲೆ ದಪ್ಪ, ಕೆಳಗೆ ಸಪೂರ ಇರುವ ಉದ್ದನೆಯ ಹಿಡಿ ರೂಢಿ. ಸರಳು ಫಲಕದ ಕೆಳಗೆ ಒಂದು ಕೀಲಿನಲ್ಲಿ ಕೂತಿರುತ್ತದೆ. ಕೀಲಿನಿಂದ ಕೆಳಗಿನ ತುದಿಗೆ ಆಕ್ಚುಯೇಟರ್ ಎಂಬ ಪ್ಲಾಸ್ಟಿಕ್ ಕೊಳವೆ, ಅದರ ಸುತ್ತ ನಾಲ್ಕು ಮೈಕ್ರೊಸ್ವಿಚ್‌ಗಳು. ಕೀಲು ಮಧ್ಯದಲ್ಲಿರುವುದರಿಂದ ತಲೆಯನ್ನು ಬಲಕ್ಕೆ ವಾಲಿಸಿದರೆ ಕೆಳತುದಿ ಎಡಕ್ಕೆ ಹೋಗುತ್ತದೆ. ಎಡಬದಿಯ ಸ್ವಿಚ್ ಒತ್ತಿಕೊಂಡು ‘ಬಲ’ ಎಂಬ ಸಂಕೇತ ಹೊರಡುತ್ತದೆ. ಮೊದಲ ಸಲ ಬಿಚ್ಚಿ ತಂತಿ ಹಾಕುವವರು ಎಡವುವುದು ಇಲ್ಲೇ. ಮೂಲೆಯ ದಿಕ್ಕುಗಳಿಗೆ ಬೇರೆ ಸ್ವಿಚ್ ಇಲ್ಲ; ಅಕ್ಕಪಕ್ಕದ ಎರಡು ಒಟ್ಟಿಗೆ ಒತ್ತಿದರೆ ಅದು ಮೂಲೆ. ಹೀಗೆ ನಾಲ್ಕು ಸ್ವಿಚ್‌ಗಳಲ್ಲಿ ಎಂಟು ದಿಕ್ಕು, ಹೊರಗೆ ಬರುವುದು ಐದು ತಂತಿ: ದಿಕ್ಕಿಗೊಂದು, ಎಲ್ಲಕ್ಕೂ ಸೇರಿ ಒಂದು ಗ್ರೌಂಡ್.

ಲಿವರನ್ನು ನಡುವಿಗೆ ಮರಳಿ ತರಲು ಜಪಾನಿನವರು ಸ್ಪ್ರಿಂಗ್ ಹಾಕುತ್ತಾರೆ, ಕೊರಿಯಾದವರು ರಬ್ಬರಿನ ಬಳೆ. ತಳದಲ್ಲಿರುವ ಗೇಟ್ ಎಂಬ ರಂಧ್ರದ ತಟ್ಟೆ ಲಿವರ್ ಎಷ್ಟು ದೂರ, ಯಾವ ಆಕಾರದಲ್ಲಿ ಓಡಾಡಬೇಕೆಂದು ಗೊತ್ತುಮಾಡುತ್ತದೆ.

ಥ್ರೋ ಒಂದೇ ದೂರವಲ್ಲ

ಲಿವರನ್ನು ಬಹಳ ನಿಧಾನವಾಗಿ ಒಂದು ಕಡೆಗೆ ವಾಲಿಸಿದರೆ ಮೊದಲು ಏನೂ ಆಗುವುದಿಲ್ಲ. ಹಳೆಯ ಕಾರಿನ ಸ್ಟೇರಿಂಗಿನಲ್ಲಿರುವ ಪ್ಲೇ ಇದ್ದ ಹಾಗೆ, ಕೈ ಸರಿದರೂ ಯಂತ್ರಕ್ಕೆ ಗೊತ್ತಾಗದ ಒಂದಿಷ್ಟು ಖಾಲಿ ಜಾಗ ಅದು. ಆಮೇಲೆ ‘ಟಿಕ್’ ಎಂದು ಸ್ವಿಚ್ ಬೀಳುತ್ತದೆ. ಇಲ್ಲಿಯವರೆಗಿನದು ಎಂಗೇಜ್ ದೂರ. ಮುಂದಕ್ಕೆ ಒತ್ತಿದರೆ ಗೇಟಿಗೆ ತಾಗುವವರೆಗೆ ಇನ್ನೂ ಸ್ವಲ್ಪ ಸಾಗುತ್ತದೆ; ಈ ಹೆಚ್ಚುವರಿ ಓಟದಿಂದ ಆಟಕ್ಕೆ ಹೊಸದಾಗಿ ಏನೂ ತಿಳಿಯುವುದಿಲ್ಲ, ಸ್ವಿಚ್ ಆಗಲೇ ಬಿದ್ದಿದೆ. ಹಿಂದಕ್ಕೆ ಬರುವಾಗ ಸ್ವಿಚ್ ಬಿಡುವುದು ಬಿದ್ದ ಜಾಗದಲ್ಲೇ ಅಲ್ಲ, ಅದಕ್ಕಿಂತ ನಡುವಿನ ಕಡೆಗೆ ತುಸು ದಾಟಿದ ಮೇಲೆ. ಎಲ್ಲ ಮೈಕ್ರೊಸ್ವಿಚ್‌ಗಳಲ್ಲೂ ಬೀಳುವ ಬಿಂದು, ಬಿಡುವ ಬಿಂದು ಬೇರೆ ಬೇರೆ.

ಹಾಗಾಗಿ ‘ಥ್ರೋ ಕಡಿಮೆ’ ಎಂದು ಬರೆದಿದ್ದರೆ ಮೊದಲು ಕೇಳಬೇಕಾದ್ದು ದೂರ ಎಲ್ಲಿ ಕಡಿಮೆಯಾಗಿದೆ ಎಂದು. ಸ್ವಿಚ್ ಬಿದ್ದ ನಂತರದ ಓಟ ಕಡಿಮೆಯಾಗಿದ್ದರೆ ಬಹುಮಟ್ಟಿಗೆ ಲಾಭವೇ: ಕೈ ಬೇಗ ತಿರುಗುತ್ತದೆ, ಖಾಲಿ ಜಾಗ ಹಾಗೆಯೇ ಉಳಿಯುವುದರಿಂದ ಬೇಡದ ದಿಕ್ಕು ಬೀಳುವುದಿಲ್ಲ. ಸ್ವಿಚ್ ಬೀಳುವ ಮುಂಚಿನ ಓಟ ಕಡಿಮೆಯಾಗಿದ್ದರೆ ಕೈಯ ನಡುಕವೂ ದಿಕ್ಕಾಗಿ ಹೋಗಬಹುದು. ಜೊತೆಗೆ ಬಿಡುವ ಬಿಂದು ನಡುವಿಗೆ ತೀರಾ ಹತ್ತಿರವಾಗಿ, ನಡುವಿಗೆ ಬಂದೆ ಎಂದುಕೊಂಡ ಕೈ ಇನ್ನೂ ದಿಕ್ಕನ್ನು ಒತ್ತಿಯೇ ಇರುತ್ತದೆ.

ಇನ್ನು ವೇಗದ ಮಾತು. ಬಹುತೇಕ ಫೈಟಿಂಗ್ ಗೇಮ್‌ಗಳು ಸೆಕೆಂಡಿಗೆ 60 ಫ್ರೇಮ್‌ನಂತೆ ನಡೆಯುತ್ತವೆ; ಒಂದು ಫ್ರೇಮ್ ಎಂದರೆ ಸುಮಾರು 16.7 ಮಿಲಿಸೆಕೆಂಡ್. ಲಿವರಿನ ತಲೆ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಸರಿಯುತ್ತದೆ ಎಂದು ಇಟ್ಟುಕೊಂಡರೆ ಒಂದು ಮಿ.ಮೀ.ಗೆ ಒಂದು ಮಿಲಿಸೆಕೆಂಡ್. ಥ್ರೋ ಎರಡು ಮಿ.ಮೀ. ಕಡಿಮೆಯಾದರೆ ಉಳಿಯುವುದು ಒಂದು ಫ್ರೇಮಿನ ಎಂಟನೆಯ ಒಂದು ಭಾಗ. ಪೆಟ್ಟಿಗೆಯೊಳಗಿನ ಸರ್ಕ್ಯೂಟ್ ಬೋರ್ಡು ಯುಎಸ್‌ಬಿಯಲ್ಲಿ ಸೆಕೆಂಡಿಗೆ 125 ಸಲ ಮಾತ್ರ ವರದಿ ಒಪ್ಪಿಸುವಂಥದ್ದಾದರೆ ಎರಡು ವರದಿಗಳ ನಡುವೆಯೇ 8 ಮಿಲಿಸೆಕೆಂಡ್ ಕಳೆದಿರುತ್ತದೆ. 1000 ಸಲ ಒಪ್ಪಿಸುವ ಬೋರ್ಡಿನಲ್ಲಿ ಅದು ಒಂದೇ ಮಿಲಿಸೆಕೆಂಡ್. ವೇಗವೇ ಬೇಕಿದ್ದವರು ಲಿವರಿಗೆ ದುಡ್ಡು ಸುರಿಯುವ ಮುಂಚೆ ಬೋರ್ಡು ನೋಡಿಕೊಳ್ಳುವುದು ಲೇಸು.

ಥ್ರೋ ಅಳೆಯುವುದು ಹಿಡಿಯ ಬಳಿ. ಆದ್ದರಿಂದ ಸರಳಿನ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಕೀಲಿನಿಂದ ಹಿಡಿಗೆ 60 ಮಿ.ಮೀ. ಇದ್ದು ಲಿವರ್ 10 ಡಿಗ್ರಿ ವಾಲಿದರೆ ತಲೆ ಸುಮಾರು 10.4 ಮಿ.ಮೀ. ಸರಿಯುತ್ತದೆ, ಅದೇ ಸರಳಿಗೆ ಒಂದು ಸೆಂಟಿಮೀಟರಿನ ಎಕ್ಸ್‌ಟೆನ್ಶನ್ ಹಾಕಿದರೆ ಸುಮಾರು 12.2. ಹಿಡಿಯುವ ರೀತಿಯದೂ ಇದೇ ಕಥೆ. ಅಂಗೈ ಮೇಲೆ ಮಾಡಿ, ಬೆರಳ ಸಂದಿಯಲ್ಲಿ ಸರಳು ತೂರಿಸಿ ವೈನ್ ಲೋಟದ ಹಾಗೆ ಹಿಡಿಯುವವರ ಬೆರಳು ಸರಳಿನ ಕೆಳಭಾಗದಲ್ಲಿ ಇರುತ್ತದೆ. ಗುಂಡನ್ನು ಮೇಲಿನಿಂದ ಮುಚ್ಚಿ ಹಿಡಿಯುವವರಿಗಿಂತ ಅವರ ಕೈ ಕಡಿಮೆ ಓಡಾಡುತ್ತದೆ. ಇಬ್ಬರು ಒಂದೇ ಲಿವರ್ ಹಿಡಿದು, ಒಬ್ಬರು ‘ಉದ್ದವಾಯಿತು’, ಇನ್ನೊಬ್ಬರು ‘ಸರಿಯಾಗಿದೆ’ ಎಂದರೆ ಇಬ್ಬರದೂ ಸುಳ್ಳಲ್ಲ.

ಗೇಟಿನ ಆಕಾರ

ಚೌಕ ಗೇಟ್ ಜಪಾನಿನ ರೂಢಿ. ಚೌಕದಲ್ಲಿ ಬದಿಗೆ 10 ಮಿ.ಮೀ. ಇದ್ದರೆ ಮೂಲೆಗೆ 14 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು; ಮೂಲೆಯ ಓಟ ಯಾವಾಗಲೂ ಉದ್ದ. ಹೊಸಬರಿಗೆ ಇದು ಕಿರಿಕಿರಿ. ಮೂಲೆಯವರೆಗೆ ತಳ್ಳಲೇಬೇಕು ಎಂದುಕೊಂಡು ಪ್ರತಿ ಸಲವೂ ಗೋಡೆಗೆ ಗುದ್ದಿಸುತ್ತಾರೆ, ಸ್ವಿಚ್‌ಗಳು ಅದಕ್ಕಿಂತ ಬಹಳ ಮುಂಚೆಯೇ ಬಿದ್ದಿರುತ್ತವೆ. ಪಳಗಿದವರು ಗೋಡೆಯನ್ನು ಮುಟ್ಟುವುದೇ ಅಪರೂಪ. ಥ್ರೋ ಉದ್ದವಾಯಿತೆಂದು ಲಿವರ್ ಬದಲಿಸುವವರಲ್ಲಿ ಹಲವರು ಕೈಯ ಬಿಗಿ ಸಡಿಲಿಸಿದ್ದರೆ ಸಾಕಿತ್ತು.

ಎಂಟು ಮೂಲೆಯ ಗೇಟಿನಲ್ಲಿ ಪ್ರತಿ ದಿಕ್ಕಿಗೂ ಒಂದು ತಗ್ಗು ಇದ್ದು, ದಿಕ್ಕು ಸಿಕ್ಕಿತೆಂದು ಬೆರಳಿಗೆ ತಿಳಿಯುತ್ತದೆ. ಮೂಲೆಯ ಓಟವೂ ಬದಿಯ ಓಟಕ್ಕೆ ಹತ್ತಿರ ಬರುತ್ತದೆ. ಅಂದರೆ ಲಿವರ್ ಬದಲಿಸದೆ ಮೂಲೆಯ ಥ್ರೋ ಕಡಿಮೆ ಮಾಡಿದ ಹಾಗೆ. ದುಂಡು ಗೇಟಿನಲ್ಲಿ ಗುರುತೇ ಇಲ್ಲ, ಸುತ್ತಲೂ ಒಂದೇ ದೂರ.

ಯಾವ ಆಟಕ್ಕೆ ಯಾವುದು

1991ರಲ್ಲಿ ಬಂದ ಕ್ಯಾಪ್‌ಕಾಮ್‌ನ ‘ಸ್ಟ್ರೀಟ್ ಫೈಟರ್ 2’ ಎಂಟು ದಿಕ್ಕಿನ ಲಿವರ್, ಆರು ಗುಂಡಿಗಳ ವಿನ್ಯಾಸವನ್ನು ಊರೂರಿಗೆ ಮುಟ್ಟಿಸಿತು. ಅದರಲ್ಲಿನ ಕೈಚಳಕಗಳೇ ಇಂದಿಗೂ ಈ ಬಗೆಯ ಆಟಗಳ ಅ ಆ ಇ ಈ. ಕೆಳಗಿನಿಂದ ಮುಂದಕ್ಕೆ ಕಾಲು ಸುತ್ತು ತಿರುಗಿಸಿ ಗುಂಡಿ ಒತ್ತಿದರೆ ರ್‍ಯೂ ಎಂಬ ಹೋರಾಟಗಾರ ‘ಹದೋಕೆನ್’ ಎಂಬ ಹೊಡೆತ ಎಸೆಯುತ್ತಾನೆ. ಮುಂದೆ, ಕೆಳಗೆ, ಮುಂದಿನ ಕೆಳಮೂಲೆ ಎಂದು ಮುರಿದು ತಿರುಗಿಸಿದರೆ ಶೋರ್‍ಯುಕೆನ್. ಶೋರ್‍ಯುಕೆನ್‌ನಲ್ಲಿ ಕೈ ಒಮ್ಮೆ ದಿಕ್ಕು ಬದಲಿಸಿ ಹಿಂದೆ ಬರಬೇಕು, ಆದ್ದರಿಂದ ಸ್ವಿಚ್ ಬಿದ್ದ ನಂತರದ ಓಟ ಕಡಿಮೆ ಇದ್ದಷ್ಟು ಸಲೀಸು. ‘ಸ್ಟ್ರೀಟ್ ಫೈಟರ್ 4’ರಲ್ಲಿ ಮುಂದಿನ ಕೆಳಮೂಲೆಯನ್ನು ಎರಡು ಸಲ ಮುಟ್ಟಿದರೂ ಅದೇ ಹೊಡೆತ ಬರುತ್ತಿತ್ತು, ಅಲ್ಲಿ ಚೌಕದ ಮೂಲೆ ಹಿಡಿದು ಕೂತವರಿಗೆ ಸುಲಭ.

ಗೈಲ್‌ನಂಥ ಪಾತ್ರಗಳನ್ನು ಆಡುವವರು ಹಿಂದಿನ ಕೆಳಮೂಲೆಯಲ್ಲಿ ಲಿವರನ್ನು ಒತ್ತಿ ಹಿಡಿದು ಕಾಯುತ್ತಾರೆ. ಅವರಿಗೆ ಬೇಕಾದ್ದು ಕೈ ಆತುಕೊಳ್ಳುವಂಥ ಗಟ್ಟಿ ಮೂಲೆ. ಅದೇ ಸರಣಿಯ ಝಾಂಗೀಫ್‌ನ ಪೂರ್ತಿ ಸುತ್ತಿನ ಹಿಡಿತಕ್ಕೆ ಚೌಕದ ಮೂಲೆಗಳು ಅಡ್ಡಿ, ಚಿಕ್ಕ ಥ್ರೋ ಮತ್ತು ದುಂಡಗಿನ ದಾರಿ ವಾಸಿ. ಹಲವು ಆವೃತ್ತಿಗಳಲ್ಲಿ ಮುಕ್ಕಾಲು ಸುತ್ತು ತಿರುಗಿಸಿದರೂ ಆಟ ಒಪ್ಪಿಕೊಳ್ಳುತ್ತದೆ ಎಂಬುದು ಬೇರೆ ವಿಷಯ.

1994ರಲ್ಲಿ ಎಸ್‌ಎನ್‌ಕೆ ಆರಂಭಿಸಿದ ‘ಕಿಂಗ್ ಆಫ್ ಫೈಟರ್ಸ್’ ಸರಣಿಗೆ ಕಡಿಮೆ ಥ್ರೋ ಹೇಳಿ ಮಾಡಿಸಿದ್ದು. ಈ ಸರಣಿಯಲ್ಲಿ ಗಿಡ್ಡ ನೆಗೆತವೊಂದಿದೆ. ಲಿವರನ್ನು ಮೇಲಕ್ಕೆ ತಾಗಿಸಿ ತಕ್ಷಣ ಬಿಡಬೇಕು. ಕ್ಷಣ ಹೆಚ್ಚು ಹಿಡಿದರೆ ಪೂರ್ತಿ ನೆಗೆತವಾಗಿ, ಎದುರಾಳಿ ಕೆಳಗೆ ಕಾದು ಕೂರುತ್ತಾನೆ. ಪಂದ್ಯದುದ್ದಕ್ಕೂ ಇದನ್ನು ಮತ್ತೆ ಮತ್ತೆ ಮಾಡಬೇಕಾದ್ದರಿಂದ ಬೇಗ ಬೀಳುವ, ಬೇಗ ಬಿಡುವ ಲಿವರಿಗೆ ಇಲ್ಲಿ ನಿಜವಾದ ಬೆಲೆ. ಗುಂಡಿನ ಮಳೆಯ ನಡುವೆ ವಿಮಾನ ನುಸುಳಿಸುವ ಶೂಟಿಂಗ್ ಆಟಗಳವರು ಇಂಥದೇ ಲಿವರ್ ಬಯಸುವುದೂ ಹೆಚ್ಚುಕಡಿಮೆ ಇದೇ ಕಾರಣಕ್ಕೆ.

‘ಟೆಕ್ಕೆನ್’ ಇದಕ್ಕೆ ತಿರುಗುಮುರುಗು. ಅದರಲ್ಲಿನ ಕಝುಯಾ ಎಂಬ ಪಾತ್ರದ ‘ಎಲೆಕ್ಟ್ರಿಕ್’ ಹೊಡೆತವನ್ನು ನೋಡಿ: ಮುಂದೆ, ನಡು, ಕೆಳಗೆ, ಆಮೇಲೆ ಮುಂದಿನ ಕೆಳಮೂಲೆ, ಆ ಮೂಲೆ ಬೀಳುವ ಫ್ರೇಮಿನಲ್ಲೇ ಬಲಗೈಯ ಗುಂಡಿಯೂ ಬೀಳಬೇಕು. ಒಂದು ಫ್ರೇಮ್ ತಪ್ಪಿದರೆ ಹೊಡೆತ ಬರುತ್ತದೆ, ಮಿಂಚು ಬರುವುದಿಲ್ಲ. ಈ ಸಾಲಿನಲ್ಲಿ ‘ನಡು’ ಎಂಬುದೂ ಒಂದು ದಿಕ್ಕು. ಲಿವರ್ ಮುಂದಿನಿಂದ ಹೊರಟು ನಿಜವಾಗಿ ನಡುವಿಗೆ ಬಂದು ಆಮೇಲೆ ಕೆಳಗಿಳಿಯದಿದ್ದರೆ ಎಲ್ಲ ಕೆಟ್ಟಂತೆ. ಹಿಂದಕ್ಕೆ ಸರಿಯುತ್ತಲೇ ಕೆಳಮೂಲೆ ತಾಗಿಸಿ ಆ ಚಲನೆಯನ್ನು ಕತ್ತರಿಸಿ ಮತ್ತೆ ಹಿಂದಕ್ಕೆ ಸರಿಯುವ, ‘ಕೊರಿಯನ್ ಬ್ಯಾಕ್‌ಡ್ಯಾಶ್’ ಎಂದೇ ಹೆಸರಾದ ಚಲನೆಯಲ್ಲೂ ಕೈ ಒಂದೇ ಮೂಲೆಯ ಸುತ್ತ ಸರಸರ ಓಡಾಡುತ್ತದೆ. ಇಲ್ಲಿ ಎದ್ದು ಕೆಲಸ ಮಾಡುವುದು ಲಿವರನ್ನು ಎಳೆದು ತರುವ ರಬ್ಬರಿನ ಬಿಗಿ. ಸ್ವಿಚ್ ತೀರಾ ಬೇಗ ಬೀಳುವ ಲಿವರಿನಲ್ಲಿ ನಡು ಸಿಗದೆ ಆಟಗಾರ ಒದ್ದಾಡುತ್ತಾನೆ. ಟೆಕ್ಕೆನ್ ಆಡುವವರು ಥ್ರೋ ಅಂಕಿ ಓದಿ ಲಿವರ್ ಕೊಳ್ಳಬಾರದು.

ತಯಾರಕರು

ಜಪಾನಿನ ಸಾನ್ವಾ ಡೆನ್ಶಿ ಕಂಪನಿಯ ಜೆಎಲ್‌ಎಫ್ ಈ ಕ್ಷೇತ್ರದ ಅಳತೆಗೋಲು. 2009ರಲ್ಲಿ ‘ಸ್ಟ್ರೀಟ್ ಫೈಟರ್ 4’ರ ಜೊತೆ ಮ್ಯಾಡ್ ಕ್ಯಾಟ್ಜ್ ತಂದ ಟೂರ್ನಮೆಂಟ್ ಎಡಿಷನ್ ಪೆಟ್ಟಿಗೆಯಲ್ಲಿ ಸಾನ್ವಾ ಬಿಡಿಭಾಗಗಳಿದ್ದವು; ಅಲ್ಲಿಂದ ಜಪಾನಿನ ಹೊರಗೂ ಜೆಎಲ್‌ಎಫ್ ಮನೆಮಾತಾಯಿತು. ಮೆತ್ತಗಿನ ಸ್ಪ್ರಿಂಗ್, ಉದಾರವಾದ ಥ್ರೋ, ಚೌಕ ಗೇಟ್ ಇದರ ಗುಣ. ಗೇಟನ್ನು 45 ಡಿಗ್ರಿ ತಿರುಗಿಸಿ ಹಾಕಿದರೆ ನಾಲ್ಕೇ ದಿಕ್ಕಿನ ಹಳೆಯ ಆಟಗಳಿಗೂ ಒದಗುತ್ತದೆ. ಇದಕ್ಕೆ ಸಿಗುವಷ್ಟು ಬಿಡಿಭಾಗ ಬೇರಾವ ಲಿವರಿಗೂ ಸಿಗುವುದಿಲ್ಲ, ಹೊಸಬರಿಗೆ ಇದೇ ದೊಡ್ಡ ಅನುಕೂಲ.

ಕಡಿಮೆ ಥ್ರೋ ಎಂದೊಡನೆ ಬಲ್ಲವರ ಬಾಯಲ್ಲಿ ಬರುವ ಹೆಸರು ಜಪಾನಿನದೇ ಆದ ಸೈಮಿತ್ಸು. ಅದರ ಎಲ್‌ಎಸ್-32 ಜೆಎಲ್‌ಎಫ್‌ಗಿಂತ ಬಿಗಿ, ಓಟವೂ ಚಿಕ್ಕದು. ಎಲ್‌ಎಸ್-40 ಇನ್ನೂ ಚಿಕ್ಕದು, ಆದರೆ ಕೈಗೆ ಹಗುರ. ಈ ಎರಡು ಗುಣ ಸೇರಿದಾಗ ಲಿವರ್ ತೀರಾ ಚುರುಕಾಗುತ್ತದೆ. ಬಿಗಿ ಹಿಡಿತದವರ ಕೈಯಲ್ಲಿ ಬೇಡದ ಮೂಲೆಗಳು ಬೀಳುತ್ತಲೇ ಇರುತ್ತವೆ. ಎಲ್‌ಎಸ್-56 ಜೆಎಲ್‌ಎಫ್‌ಗಿಂತ ಗಡುಸು, ಖಾಲಿ ಜಾಗವೂ ಕಡಿಮೆ. ಜೆಎಲ್‌ಎಫ್ ಬಿಟ್ಟು ಮೊದಲ ಸಲ ಬೇರೆ ಕಡೆ ನೋಡುವ ಸ್ಟ್ರೀಟ್ ಫೈಟರ್ ಆಟಗಾರನಿಗೆ ಎಲ್‌ಎಸ್-40ಕ್ಕಿಂತ ಎಲ್‌ಎಸ್-56 ಹೆಚ್ಚು ಒಗ್ಗುತ್ತದೆ. ಕಿಂಗ್ ಆಫ್ ಫೈಟರ್ಸ್ ಆಡುವವನು ಎಲ್‌ಎಸ್-32ರಿಂದ ಶುರುಮಾಡಬಹುದು. ಹೋರಿ ಕಂಪನಿ ತನ್ನ ರಿಯಲ್ ಆರ್ಕೇಡ್ ಪ್ರೊ ಪೆಟ್ಟಿಗೆಗಳಿಗೆಂದು ತಂದ ಹಾಯಾಬುಸಾ ಲಿವರ್ ಇವೆರಡು ಮನೆತನಗಳ ನಡುವೆ ನಿಲ್ಲುತ್ತದೆ: ಜೆಎಲ್‌ಎಫ್‌ಗಿಂತ ಚಿಕ್ಕ ಓಟ, ಸೈಮಿತ್ಸುವಿನಷ್ಟು ಚುರುಕಲ್ಲ.

ಕೊರಿಯಾದ ಕ್ರೌನ್ ಲಿವರುಗಳೂ ಫಾಂಟಾ ಎಂದು ಕರೆಯುವವೂ ರಬ್ಬರಿನ ಬಿಗಿಯ ಮೇಲೆ ನಡೆಯುತ್ತವೆ. ಚೌಕ ಗೇಟ್ ಇಲ್ಲ, ಓಟ ದುಂಡು, ಹಿಡಿ ಉದ್ದ. ರಬ್ಬರ್ ಬದಲಿಸಿದರೆ ಲಿವರಿನ ಸ್ವಭಾವವೇ ಬದಲಾಗುವುದರಿಂದ ಅಲ್ಲಿನ ಆಟಗಾರರು ಗಡಸುತನ ನೋಡಿ ರಬ್ಬರ್ ಆರಿಸುತ್ತಾರೆ. ಅಮೆರಿಕದ ಆರ್ಕೇಡುಗಳಲ್ಲಿ 1990ರ ದಶಕದುದ್ದಕ್ಕೂ ಇದ್ದ ಹ್ಯಾಪ್ ಲಿವರುಗಳು ದಪ್ಪ, ಗಟ್ಟಿ, ಓಟ ಉದ್ದ. ದಿನವಿಡೀ ಗುದ್ದಿಸಿಕೊಳ್ಳಲೆಂದೇ ಮಾಡಿದವು. ಕಡಿಮೆ ಥ್ರೋ ಬೇಕೆನ್ನುವವರು ಅವುಗಳ ಗೊಡವೆಗೆ ಹೋಗಬೇಕಿಲ್ಲ.

ಇದ್ದ ಲಿವರನ್ನೇ ಮಾರ್ಪಡಿಸುವುದು

ಹೊಸ ಲಿವರ್ ಕೊಳ್ಳದೆ ಓಟ ಕಡಿಮೆ ಮಾಡಲು ದಪ್ಪ ಆಕ್ಚುಯೇಟರ್ ಹಾಕುವುದು ಪ್ರಚಲಿತ ದಾರಿ. ವ್ಯಾಸ ಒಂದು ಮಿ.ಮೀ. ಹೆಚ್ಚಾದರೆ ಅದು ಪ್ರತಿ ಸ್ವಿಚ್‌ಗೂ ಅರ್ಧ ಮಿ.ಮೀ. ಹತ್ತಿರವಾಗುತ್ತದೆ. ಕೀಲಿನಿಂದ ಹಿಡಿಯವರೆಗಿನ ಉದ್ದ ಕೀಲಿನಿಂದ ಸ್ವಿಚ್‌ವರೆಗಿನದಕ್ಕಿಂತ ಹೆಚ್ಚಾದ್ದರಿಂದ ಕೈಗೆ ಅದು ಅರ್ಧಕ್ಕಿಂತ ಜಾಸ್ತಿಯೇ ಅನ್ನಿಸುತ್ತದೆ. ಆಕ್ಚುಯೇಟರೇ ಗೇಟಿಗೆ ತಾಗುವ ರಚನೆಯಲ್ಲಿ ಎಂಗೇಜ್ ದೂರ, ಒಟ್ಟು ಥ್ರೋ ಎರಡೂ ಕಡಿಮೆಯಾಗುತ್ತವೆ. ಸರಳು ತಾಗುವ ರಚನೆಯಲ್ಲಿ ಎಂಗೇಜ್ ಮಾತ್ರ ಕಡಿಮೆಯಾಗಿ, ಆಮೇಲಿನ ಖಾಲಿ ಓಟ ಇನ್ನೂ ಉದ್ದವಾಗುತ್ತದೆ. ಎರಡನೆಯದು ದುಡ್ಡು ಕೊಟ್ಟು ತಂದುಕೊಂಡ ತೊಂದರೆ. ಗೇಟಿನ ರಂಧ್ರವನ್ನೇ ಕಿರಿದು ಮಾಡುವುದು ಇದಕ್ಕಿಂತ ನೇರ ಉಪಾಯ. ಸ್ಪ್ರಿಂಗ್ ಬಿಗಿ ಮಾಡಿದರೆ ಥ್ರೋ ಬದಲಾಗುವುದಿಲ್ಲ, ಕೈ ಮಾತ್ರ ಗೋಡೆಯವರೆಗೆ ಹೋಗುವುದನ್ನು ನಿಲ್ಲಿಸುತ್ತದೆ. ಅಗ್ಗದ ದಾರಿ ಅದು, ಮೊದಲು ಪ್ರಯತ್ನಿಸಬೇಕಾದ್ದೂ ಅದನ್ನೇ. ಆದರೆ ಬಿಗಿ ಲಿವರಿಗೆ ಭಾರದ ಪೆಟ್ಟಿಗೆ ಬೇಕು. ಹಗುರ ಪೆಟ್ಟಿಗೆ ತೊಡೆಯ ಮೇಲೆ ಜಾರಾಡುತ್ತದೆ.

ಬಿಚ್ಚುವ ಕೆಲಸ ಕಷ್ಟದ್ದಲ್ಲ. ಜೆಎಲ್‌ಎಫ್‌ನಲ್ಲಿ ಸರಳಿನ ತಳದಲ್ಲಿರುವ ಗೀರಿಗೆ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ಹಿಡಿದು, ಮೇಲೆ ಗುಂಡನ್ನು ತಿರುಗಿಸಿದರೆ ಅದು ಬರುತ್ತದೆ. ಗೇಟ್ ಕಿತ್ತ ಮೇಲೆ ಆಕ್ಚುಯೇಟರನ್ನು ಹಿಡಿದಿಟ್ಟ ‘ಇ’ ಆಕಾರದ ಪುಟ್ಟ ಕ್ಲಿಪ್ ಕಾಣುತ್ತದೆ. ಸ್ಪ್ರಿಂಗಿನ ಒತ್ತಡ ಇರುವುದರಿಂದ ಮೀಟಿದ ಕೂಡಲೇ ಅದು ಹಾರಿ ಮಂಚದಡಿ ಸೇರುತ್ತದೆ. ಆಕ್ಚುಯೇಟರನ್ನು ಬೆರಳಲ್ಲಿ ಸ್ಪ್ರಿಂಗಿನ ಕಡೆಗೆ ಒತ್ತಿ ಹಿಡಿದು, ಇನ್ನೊಂದು ಕೈ ಅಡ್ಡ ಇಟ್ಟು ಮೀಟಬೇಕು. ಜೋಡಿಸುವ ಮುನ್ನ ಕೀಲಿಗೆ ಒಂದು ಚೂರು ಗ್ರೀಸ್, ಸ್ವಿಚ್‌ಗಳಿಗೆ ಸೋಕಬಾರದು.

ಭಾರತದಲ್ಲಿ

ನಮ್ಮ ಊರುಗಳಲ್ಲಿ ವಿಡಿಯೊ ಗೇಮ್ ಪಾರ್ಲರುಗಳಿದ್ದ ಕಾಲದಲ್ಲಿ, ‘ಮುಸ್ತಫಾ’ ಎಂದೇ ಹುಡುಗರು ಕರೆಯುತ್ತಿದ್ದ ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೊಸಾರ್ಸ್’ ಆಡಿದ ಕೈಗಳಿಗೆ ಲಿವರ್ ಹೊಸದಲ್ಲ. ಆದರೆ ಆಮೇಲೆ ಫೈಟಿಂಗ್ ಗೇಮ್ ಹಿಡಿದವರಲ್ಲಿ ಬಹುಪಾಲು ಜನ ಪ್ಲೇಸ್ಟೇಷನ್ ಪ್ಯಾಡಿನಲ್ಲೋ ಕಂಪ್ಯೂಟರ್ ಕೀಬೋರ್ಡಿನಲ್ಲೋ ಕಲಿತವರು. ಕೀಬೋರ್ಡಿನಲ್ಲಿ ಪಳಗಿದವರಿಗೆ, ದಿಕ್ಕಿಗೊಂದು ಗುಂಡಿ ಇರುವ ಲಿವರಿಲ್ಲದ ಪೆಟ್ಟಿಗೆ ಹೆಚ್ಚು ಸಹಜ. ಥ್ರೋ ಕಡಿಮೆ ಮಾಡುತ್ತಾ ಹೋದರೆ ಕೊನೆಗೆ ತಲುಪುವುದೂ ಅಲ್ಲಿಗೇ: ಗುಂಡಿಯ ಓಟ ಕೆಲವೇ ಮಿ.ಮೀ. 2019ರಲ್ಲಿ ಜಪಾನಿನ ಹೆಸರಾಂತ ಆಟಗಾರ ದೈಗೊ ಉಮೆಹಾರಾ ಅಂಥ ಪೆಟ್ಟಿಗೆ ಹಿಡಿದಾಗ ಪಂದ್ಯದ ನಿಯಮಗಳ ಬಗ್ಗೆ ದೊಡ್ಡ ಚರ್ಚೆಯೇ ಆಯಿತು. ಈಗ ಅವು ಪಂದ್ಯಗಳಲ್ಲಿ ಸಾಮಾನ್ಯ ನೋಟ. ಎಡ-ಬಲ ಒಟ್ಟಿಗೆ ಒತ್ತಿದರೆ ಏನಾಗಬೇಕು ಎಂಬುದಕ್ಕೆ ನಿಯಮಗಳಿವೆ.

ಕೊಳ್ಳುವ ಮುನ್ನ

ಪೆಟ್ಟಿಗೆಗೆ ಲಿವರ್ ಕೂರುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಮೌಂಟಿಂಗ್ ಪ್ಲೇಟಿನ ತೂತುಗಳು, ಪೆಟ್ಟಿಗೆಯ ಒಳಗಿನ ಆಳ ನೋಡಬೇಕು. ಕೊರಿಯಾದ ಲಿವರುಗಳಿಗೆ ಎಷ್ಟೋ ಜಪಾನಿ ಪೆಟ್ಟಿಗೆಗಳಲ್ಲಿ ಜಾಗ ಸಾಲದು. ಸೈಮಿತ್ಸು ಮಾದರಿಗಳಲ್ಲಿ ಹೆಸರಿನ ಕೊನೆಗೆ 01 ಇದ್ದರೆ ಐದು ಪಿನ್ನಿನ ಕನೆಕ್ಟರ್ ಇದೆ ಎಂದರ್ಥ. ಇಲ್ಲದಿದ್ದರೆ ಪ್ರತಿ ಸ್ವಿಚ್‌ಗೂ ಬೇರೆ ಬೇರೆ ತಂತಿ ಎಳೆಯಬೇಕು. ಕನೆಕ್ಟರ್ ಕೂತರೂ ಲಿವರನ್ನು ಕೂರಿಸಿದ ದಿಕ್ಕಿಗೆ ತಕ್ಕಂತೆ ಮೇಲೆ-ಕೆಳಗೆ ಅದಲುಬದಲಾಗಬಹುದು, ಮುಚ್ಚಳ ಹಾಕುವ ಮುಂಚೆ ಒಮ್ಮೆ ಪರೀಕ್ಷಿಸಬೇಕು.

ಸ್ನೇಹಿತರ ಬಳಿಯೋ ಪಂದ್ಯದ ಕೂಟದಲ್ಲೋ ಲಿವರ್ ಕೈಗೆ ಸಿಕ್ಕರೆ ಹಿಡಿಯ ಹಿಂದೆ ಒಂದು ಗ್ರಾಫ್ ಹಾಳೆ ನಿಲ್ಲಿಸಿ ನಿಧಾನವಾಗಿ ವಾಲಿಸಿ, ಸ್ವಿಚ್ ಬಿದ್ದ ಜಾಗ, ಗೋಡೆ ತಾಗಿದ ಜಾಗ, ಸ್ವಿಚ್ ಬಿಟ್ಟ ಜಾಗ ಮೂರನ್ನೂ ಗುರುತು ಹಾಕಿಕೊಳ್ಳಬಹುದು. ಮಾರುವವರ ಪಟ್ಟಿಗಿಂತ ಇದು ಹೆಚ್ಚು ಹೇಳುತ್ತದೆ. ಆಮೇಲೆ ಆಟದ ತರಬೇತಿ ವಿಭಾಗದಲ್ಲಿ ಒತ್ತಿದ ದಿಕ್ಕುಗಳು ಪರದೆಯ ಮೇಲೆ ಕಾಣುವಂತೆ ಮಾಡಿ, ತಾವು ಹೆಚ್ಚು ಬಳಸುವ ಹೊಡೆತವನ್ನೇ ಮಾಡಿ ನೋಡಬೇಕು. ಹೊಡೆತ ಬಂತೋ ಇಲ್ಲವೋ ಎನ್ನುವುದಕ್ಕಿಂತ ಬಾಣಗಳ ಸಾಲಿನಲ್ಲಿ ಬೇಡದ ಬಾಣ ಎಷ್ಟು ನುಸುಳಿದೆ ಎಂದು ಎಣಿಸಬೇಕು. ಮೇಲ್ಮೂಲೆ ನುಸುಳುತ್ತಿದ್ದರೆ ಎಂಗೇಜ್ ದೂರ ಕೈಗೆ ತೀರಾ ಕಡಿಮೆಯಾಗಿದೆ. ಕೊನೆಯ ಮೂಲೆ ಬೀಳದೆ ನೇರ ದಿಕ್ಕಿನಲ್ಲೇ ನಿಲ್ಲುತ್ತಿದ್ದರೆ ಗೇಟು ಹೆಚ್ಚು ಕಿರಿದಾಗಿದೆ ಅಥವಾ ಸ್ಪ್ರಿಂಗ್ ಅತಿಯಾಗಿ ಬಿಗಿಯಿದೆ. ಪರೀಕ್ಷೆಯನ್ನು ಪರದೆಯ ಎಡಬದಿಯಲ್ಲಿ ನಿಂತು ಒಮ್ಮೆ, ಬಲಬದಿಯಲ್ಲಿ ನಿಂತು ಒಮ್ಮೆ ಮಾಡಬೇಕು. ಹೆಬ್ಬೆರಳಿನ ಕಡೆಗೆ ತಳ್ಳುವಾಗಿನ ಬಲವೂ ಕಿರುಬೆರಳಿನ ಕಡೆಗೆ ಎಳೆಯುವಾಗಿನ ಬಲವೂ ಒಂದೇ ಅಲ್ಲ. ಒಂದು ಬದಿಗೆ ಒಗ್ಗಿದ ಲಿವರ್ ಇನ್ನೊಂದು ಬದಿಗೆ ಕೈಕೊಡುವುದು ಸಾಮಾನ್ಯ, ಆಗ ಲಿವರನ್ನು ಬೈಯುವ ಮುಂಚೆ ಹಿಡಿತವನ್ನು ಬದಲಿಸಿ ನೋಡಬೇಕು.